ಅಕ್ಕನ ನಾಡಿ ಸರಿಹೋದದ್ದು

ಬೆರಳಿಗೆ ಸಿಕ್ಕಿಸಿ ನಾಡಿ ನೋಡುವ ಆ ಪುಟ್ಟ ಕ್ಲಿಪ್ಪನ್ನು ಕೊರೋನಾ ಕಾಲದಲ್ಲಿ ಎಲ್ಲರೂ ಕೊಂಡರು. ಕೊರೋನಾ ಹೋದ ಮೇಲೆ ಎಲ್ಲರ ಮನೆಯಲ್ಲೂ ಅದು ಯಾವುದೋ ಡ್ರಾಯರ್ ಸೇರಿತು. ನನ್ನದು ಮಾತ್ರ ಅಂಗಿ ಜೇಬಿನಲ್ಲೇ ಉಳಿಯಿತು. ಬಸ್ಸು ಹತ್ತಿ ಕೂತ ಮೇಲೊಮ್ಮೆ, ಊಟವಾದ ಮೇಲೊಮ್ಮೆ, ಟಿ.ವಿ.ಯಲ್ಲಿ ಯಾರೋ ಹೃದಯಾಘಾತದಿಂದ ಹೋದರೆಂಬ ಸುದ್ದಿ ಬಂದರೆ ಎರಡು ಸಲ, ಬೆರಳು ತಾನಾಗಿ ಅದರೊಳಗೆ ಹೋಗಿಬಿಡುತ್ತದೆ. ತೊಂಬತ್ತು ಕಂಡರೆ ಗಾಬರಿಯಾಗುತ್ತದೆ. ಗಾಬರಿಗೆ ಅದು ಇನ್ನೂ ಏರುತ್ತದೆ. ಏರಿದ್ದನ್ನು ನೋಡಿ ಮತ್ತಷ್ಟು... ಆಗ ಹೆಂಡತಿ ಕ್ಲಿಪ್ಪು ಕಿತ್ತುಕೊಂಡು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಾಳೆ. ಯಾವ ಡಬ್ಬವೆಂದು ನನಗೆ ಗೊತ್ತು.

ಹೋದ ಭಾನುವಾರ ಮಗಳು ಚಿಕ್ಕಬಳ್ಳಾಪುರದ ಹಾಸ್ಟೆಲಿನಿಂದ ಬಂದಿದ್ದಳು. ಕಾಲೇಜಿನಲ್ಲಿ ದೂರದ ಓಟ ಓಡುತ್ತಾಳೆ. ಬೆಳಿಗ್ಗೆ ಎದ್ದು ಗೋಡೆಗೊರಗಿ ಮೊಬೈಲು ನೋಡುತ್ತಾ ಕೂತಿದ್ದಳು. ತಮಾಷೆಗೆ ಅವಳ ಬೆರಳಿಗೆ ಕ್ಲಿಪ್ಪು ಹಾಕಿದೆ. ಕೆಂಪಗೆ ಮಿನುಗಿ ಮಿನುಗಿ ಕೊನೆಗೆ ನಿಂತಿತು. ನಲವತ್ತಾರು.

"ಎಷ್ಟಪ್ಪಾ?" ಅಂದಳು, ಮೊಬೈಲಿನಿಂದ ಕಣ್ಣು ತೆಗೆಯದೆ.

ಅಂಥ ಸಣ್ಣ ಸಂಖ್ಯೆಯನ್ನು ನಾನು ಹಿಂದೊಮ್ಮೆ ಕೇಳಿದ್ದೆ. ಆಗ ನಮ್ಮ ಮನೆಗೆ ಸಾವು ಬಂದಂತೆ ಎಲ್ಲರೂ ಕೂತಿದ್ದರು.

ಅದು ನಮ್ಮ ದೊಡ್ಡಪ್ಪನ ಮಗಳ ಸಂಗತಿ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಆದ್ದರಿಂದ ಅಕ್ಕ. ನಗರಗೆರೆ ಕಡೆಯ ನಮ್ಮ ಊರಿನಲ್ಲಿ ಹಾಲಿನ ಡೈರಿ ಇರಲಿಲ್ಲ, ಪಕ್ಕದೂರಿಗೆ ಒಯ್ಯಬೇಕು. ಅಕ್ಕನಿಗೆ ಬೆಳಗಿನ ನಿದ್ದೆ ಹೆಚ್ಚು. ಡೈರಿಯವರು ಅಳತೆ ಮುಗಿಸಿ ಎದ್ದುಬಿಡುತ್ತಾರೆಂದು ಹಾಲಿನ ಕ್ಯಾನು ಹಿಡಿದು ಕೆರೆ ಏರಿಯ ಮೇಲೆ ಓಡುತ್ತಿದ್ದಳು, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿಗಾಲಲ್ಲಿ. ದೊಡ್ಡಮ್ಮ ಹಿಂದಿನಿಂದ ಕೂಗುತ್ತಿದ್ದರು, "ಚೆಲ್ಲಿದ್ರೆ ನಿನ್ನ ಕಾಲು ಮುರೀತೀನಿ ಕಣೇ!" ಅವಳು ಚೆಲ್ಲಿದ್ದು ನನಗೆ ನೆನಪಿಲ್ಲ.

ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ಅವಳ ಓಟವನ್ನು ಕಂಡುಹಿಡಿದರು. ಪಿ.ಯು.ಸಿ.ಗೆ ಬರುವ ಹೊತ್ತಿಗೆ ಅಕ್ಕ ಕೋಲಾರಕ್ಕೆ ಹೋಗಿ ದೂರದ ಓಟದಲ್ಲಿ ಜಿಲ್ಲೆಗೇ ಮೊದಲು ಬಂದಳು. ಆಗ ನಮ್ಮದೂ ಕೋಲಾರ ಜಿಲ್ಲೆಯೇ. ಬಹುಮಾನಕ್ಕೆ ಸ್ಟೀಲಿನ ದೊಡ್ಡ ಡಬ್ಬಿ ಕೊಟ್ಟಿದ್ದರು. ದೊಡ್ಡಮ್ಮ ಅದಕ್ಕೆ ಮಾವಿನಕಾಯಿ ಉಪ್ಪಿನಕಾಯಿ ತುಂಬಿದರು.

ಅವಳ ನಾಡಿ ನಿಧಾನ ಎಂಬುದು ನಮಗಿಬ್ಬರಿಗೆ ಮೊದಲೇ ಗೊತ್ತಿತ್ತು. ಮಧ್ಯಾಹ್ನ ಪಡಸಾಲೆಯಲ್ಲಿ ಉರುಳಿಕೊಂಡು, ಗೋಡೆ ಗಡಿಯಾರದ ಟಿಕ್ ಟಿಕ್ ಜೊತೆ ಅದಕ್ಕೆ ಪಂದ್ಯ ಕಟ್ಟುತ್ತಿದ್ದೆವು. ನನ್ನ ಕೈ ಎಳೆದು ತನ್ನ ಕತ್ತಿನ ಪಕ್ಕಕ್ಕೆ ಇಟ್ಟುಕೊಳ್ಳುವಳು. ಗಡಿಯಾರ ಮುಂದೆ ಹೋಗುವುದು, ಅಕ್ಕ ಹಿಂದೆ ಬೀಳುವಳು. "ನೋಡೋ, ಓಡೋದ್ರಲ್ಲಿ ಎಲ್ರಿಗಿಂತ ಮುಂದೆ, ಇದ್ರಲ್ಲಿ ಗಡಿಯಾರಕ್ಕಿಂತ ಹಿಂದೆ," ಎಂದು ನಗುವಳು. ನನ್ನದು ಆಗಲೂ ಗಡಿಯಾರವನ್ನು ಬಿಟ್ಟು ಎಲ್ಲೋ ದೌಡಾಯಿಸುತ್ತಿತ್ತು. "ನಿಂದೇನೋ ಇದು, ಪೊಲೀಸ್ ಹಿಂದೆ ಬಿದ್ದೋರ ಥರ?" ಅನ್ನುವಳು. ಪರೀಕ್ಷೆ ಹತ್ತಿರವಿದೆಯಲ್ಲಾ ಅಂತ ನಾನು. ಪರೀಕ್ಷೆ ಇನ್ನೂ ನಾಲ್ಕು ತಿಂಗಳಿರುತ್ತಿತ್ತು.

ಬೆಂಗಳೂರಿನಲ್ಲಿ ರಾಜ್ಯ ಮಟ್ಟದ ಓಟವೆಂದು ಕರೆ ಬಂತು. ಅಲ್ಲಿ ಮೊದಲ ಕೆಲವರೊಳಗೆ ಬಂದರೆ ಕ್ರೀಡಾ ಹಾಸ್ಟೆಲ್ಲು, ಆಮೇಲೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ಕೆಲಸ ಎಂದು ಮೇಷ್ಟ್ರು ದೊಡ್ಡಪ್ಪನಿಗೆ ಹೇಳಿ ಒಪ್ಪಿಸಿದ್ದರು. ಡಾಕ್ಟರ ಸರ್ಟಿಫಿಕೇಟು ಒಂದು ಬೇಕಿತ್ತು, ಅಷ್ಟೇ. ಗೌರಿಬಿದನೂರಿನಲ್ಲಿ ನಮ್ಮ ಮನೆಯವರೆಲ್ಲ ನಂಬುತ್ತಿದ್ದ ಒಬ್ಬ ಹಿರಿಯ ಡಾಕ್ಟರಿದ್ದರು. ಜೊತೆಗೆ ನಾನೂ ಹೋಗಿದ್ದೆ. ಅವರು ಅಕ್ಕನ ಕೈ ಹಿಡಿದರು, ವಾಚು ನೋಡಿದರು. ವಾಚು ಬಿಚ್ಚಿ ಕಿವಿಗೆ ಹಿಡಿದು ನಡೆಯುತ್ತಿದೆಯೇ ಎಂದು ನೋಡಿದರು. ಮತ್ತೆ ಕೈ ಹಿಡಿದರು.

"ನಿಮಿಷಕ್ಕೆ ನಲವತ್ನಾಲ್ಕು. ಇಷ್ಟು ಕಡಿಮೆ ಇದ್ರೆ ನಾನು ಸೈನ್ ಹಾಕೋಕಾಗಲ್ಲಪ್ಪ. ಹಾರ್ಟ್ ವೀಕ್ ಇರೋ ಹಂಗಿದೆ. ಬೆಂಗ್ಳೂರಲ್ಲಿ ತೋರ್ಸಿ. ಅಲ್ಲೀವರೆಗೂ ಓಡೋದು ಬೇಡ."

ಬೆಂಗಳೂರಲ್ಲಿ ತೋರಿಸಿ ಎಂದರೆ ಎದೆ ಕೊಯ್ಯುತ್ತಾರೆ ಎಂದು ದೊಡ್ಡಮ್ಮನಿಗೆ ಅರ್ಥವಾಯಿತು. ಕೆಟ್ಟ ಡಾಕ್ಟರೇನಲ್ಲ ಅವರು. ಬರುವ ರೋಗಿಗಳೆಲ್ಲ ಜ್ವರದವರು, ಕೆಮ್ಮಿನವರು. ದಿನಾ ಏರಿಯ ಮೇಲೆ ಓಡುವ ಹುಡುಗಿಯ ಕೈ ಅವರು ಅದುವರೆಗೆ ಹಿಡಿದಿರಲಿಲ್ಲವೇನೋ...

ಮನೆಗೆ ಬಂದ ಮೇಲೆ ಜಾತಕ ಹೊರಗೆ ಬಂತು. ಶಾಸ್ತ್ರಿಗಳು ಬಹಳ ಹೊತ್ತು ನೋಡಿ, "ಹುಡುಗಿ ಎಲ್ಲಾದರೂ ಹುತ್ತ ತುಳಿದಿದ್ದಾಳೆಯೇ?" ಎಂದು ಕೇಳಿದರು. ಕೆರೆ ಏರಿಯ ತುಂಬ ಹುತ್ತಗಳೇ. ದೊಡ್ಡಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು ನಮ್ಮ ಗಡಿಯ ತೆಲುಗಿನಲ್ಲಿ ನನ್ನ ತಾಯೀ ಎಂದು ಕೂಗಿದರು. "ಅಯ್ಯೋ ನಾ ತಲ್ಲೀ, ಎಷ್ಟು ಸಲ ಬಡ್ಕೊಂಡೆ ನೋಡ್ಕೊಂಡು ಓಡೇ ಅಂತ!" ಹಾವಿನಂತೆ ತಣ್ಣಗೆ, ನಿಧಾನವಾಗಿ ಬಡಿಯುತ್ತಿದೆಯಲ್ಲ ಎದೆ, ಇನ್ನೇನು ಸಾಕ್ಷಿ ಬೇಕು? ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಬೇಕು, ಆಮೇಲೆ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಹುಡುಗಿ ಏರಿ ಕಡೆ ಕಾಲಿಡಬಾರದು, ಓಡಬಾರದು ಎಂದಾಯಿತು.

ಮೇಷ್ಟ್ರು ಎರಡು ಸಲ ಮನೆಗೆ ಬಂದರು. ಮೂರನೇ ಸಲ ಬರಲಿಲ್ಲ. ಬೆಂಗಳೂರಿನ ಓಟ ನಡೆದ ದಿನ ಅಕ್ಕ ಹಿತ್ತಲಲ್ಲಿ ಹುರುಳಿ ಕೇರುತ್ತಿದ್ದಳು. ನಾನೇ ಹೋಗಿ, "ಇಷ್ಟೊತ್ತಿಗೆ ಶುರುವಾಗಿರುತ್ತೆ ಅಲ್ವೇನಕ್ಕಾ?" ಅಂದೆ. ಮೊರ ನಿಲ್ಲಲಿಲ್ಲ. "ಆಗಿರುತ್ತೆ," ಅಂದಳು.

ಕಲ್ಲು ಕೆತ್ತಿಸಿದರು, ನೀರಲ್ಲಿಟ್ಟರು, ವಿದುರಾಶ್ವತ್ಥಕ್ಕೆ ಒಯ್ದು ನೂರಾರು ನಾಗರಕಲ್ಲುಗಳ ನಡುವೆ ನಿಲ್ಲಿಸಿದರು. ಅರಿಶಿನ, ಕುಂಕುಮ, ಮೇಲಿಂದ ಹಾಲು. ಹಾಲಿನ ಚೊಂಬನ್ನು ಅಕ್ಕ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ, ಒಂದೊಂದೇ ಹೆಜ್ಜೆ ಇಟ್ಟು ನಡೆದು ಬಂದಳು. ಅವಳನ್ನು ಅಷ್ಟು ನಿಧಾನವಾಗಿ ನಾನು ನೋಡಿದ್ದು ಅದೇ ಮೊದಲು. ಆಮೇಲೆ ಅವಳು ಬದುಕಿರುವವರೆಗೂ ಹಾಗೇ ನೋಡಿದೆ.

ಮಂಡಲ ಮುಗಿಯಿತು, ಅದರ ಮೇಲೆ ಇನ್ನೂ ಕೆಲವು ತಿಂಗಳು ಕಳೆಯಿತು. ಮತ್ತೆ ಅದೇ ಡಾಕ್ಟರ ಹತ್ತಿರ ಹೋದೆವು. ಅವರು ಕೈ ಹಿಡಿದು ಮುಖ ಅರಳಿಸಿದರು. "ಎಪ್ಪತ್ತೆರಡು! ಈಗ ನಾರ್ಮಲ್." ದೊಡ್ಡಮ್ಮ ಅಲ್ಲೇ ಅತ್ತರು. ಮನೆಯಲ್ಲಿ ಒಬ್ಬಟ್ಟು ಮಾಡಿ ಬೀದಿಗೆಲ್ಲ ಹಂಚಿದರು. ನಾನೂ ಹೊಟ್ಟೆ ಬಿರಿಯೆ ತಿಂದೆ. ಇನ್ನು ಓಡಬಹುದಾ ಎಂದು ಅಕ್ಕ ಕೇಳಲಿಲ್ಲ. ದೊಡ್ಡಮ್ಮ ಕೇಳದೆಯೇ ಹೇಳಿದರು, "ದೇವ್ರು ಒಂದ್ಸಲ ಬಿಟ್ಟಿದ್ದಾನೆ ಅಮ್ಮಣ್ಣೀ. ಮತ್ತೆ ಕೆಣಕೋದು ಬೇಡ."

ಬೇಡ ಅನ್ನುವ ಅಗತ್ಯವೇ ಇರಲಿಲ್ಲ. ಅಷ್ಟರಲ್ಲಿ ಅವಳಿಗೇ ತನ್ನ ಎದೆಯ ಬಗ್ಗೆ ಭಯ ಹುಟ್ಟಿತ್ತು. ಪಡಸಾಲೆಯಲ್ಲಿ ಅದೇ ಗಡಿಯಾರ, ಅದೇ ಅಕ್ಕ. ಆದರೆ ಈಗ ಮಣಿಕಟ್ಟು ಹಿಡಿದು, ಗಡಿಯಾರಕ್ಕಿಂತ ಹಿಂದೆ ಬಿತ್ತೇನೋ ಎಂದು ಬೆವರುತ್ತಾ ಕೂರುವಳು. ಮುಂದೆ ಇದೆ ಎಂದು ಗೊತ್ತಾದರೆ ಉಸಿರು ಬಿಡುವಳು. ಆ ಮನೆಯಲ್ಲಿ ಚಿಂತೆಯ ಗುತ್ತಿಗೆ ನನ್ನೊಬ್ಬನದೇ ಆಗಿತ್ತು. ಅದರಲ್ಲೂ ಅವಳು ನನ್ನನ್ನು ಹಿಂದೆ ಹಾಕಿದಳು.

ಶಿಡ್ಲಘಟ್ಟಕ್ಕೆ ಮದುವೆಯಾಗಿ ಹೋದಳು. ಭಾವ ರೇಷ್ಮೆಗೂಡಿನ ವ್ಯಾಪಾರದವರು, ಒಳ್ಳೆಯವರು. ಮಹಡಿ ಮನೆ. ಅಕ್ಕ ಆ ಮಹಡಿ ಹತ್ತಿದ್ದನ್ನು ಯಾರೂ ನೋಡಲಿಲ್ಲ. ಬಟ್ಟೆ ಒಣಹಾಕುವುದಕ್ಕೂ ಭಾವನೇ ಹತ್ತಬೇಕು. ನಾಗರಪಂಚಮಿಗೆ ಮಾತ್ರ ತಪ್ಪದೆ ವಿದುರಾಶ್ವತ್ಥಕ್ಕೆ ಬಂದು ಹಾಲೆರೆದು ಹೋಗುವಳು.

ಎರಡು ವರ್ಷದ ಹಿಂದೆ ಅವಳ ಕಿಡ್ನಿ ಕೆಟ್ಟಿತು. ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ನನ್ನನ್ನು ಹೊರಗೆ ಕರೆದು, ಹೆಚ್ಚು ದಿನ ಇಲ್ಲ, ಹಾರ್ಟ್ ಒಂದು ಗಟ್ಟಿಯಾಗಿದೆ, ಅದೇ ಎಳೆಯುತ್ತಿದೆ ಎಂದರು. ತಪ್ಪಿದೆ ಡಾಕ್ಟ್ರೇ, ಅವಳಿಗೆ ಮೊದಲಿಂದ ಹಾರ್ಟ್ ವೀಕು ಎಂದು ನಾನು ಹಳೆಯದನ್ನೆಲ್ಲ ಹೇಳಿದೆ. ಆಗ ದಿನಾ ಓಡುತ್ತಿದ್ದರಾ ಎಂದು ಅವರು ಕೇಳಿದರು, ಹೌದೆಂದೆ.

"ದೂರ ಓಡೋರಿಗೆ ಹಂಗೇ ಇರುತ್ತೆ ಸಾರ್. ಅಭ್ಯಾಸದಿಂದ ಹಾರ್ಟ್ ಒಂದೊಂದು ಸಲಕ್ಕೂ ಜಾಸ್ತಿ ರಕ್ತ ತಳ್ಳುತ್ತೆ, ಅದಕ್ಕೆ ಕಮ್ಮಿ ಬಡಿದ್ರೂ ಸಾಕು. ಓಡೋದು ಬಿಟ್ರೆ ಮೆಲ್ಲಗೆ ಎಲ್ಲರ ಥರ ಆಗುತ್ತೆ."

ವಾರ್ಡಿನ ಬಾಗಿಲಲ್ಲಿ ನಾನು ಎಷ್ಟು ಹೊತ್ತು ನಿಂತಿದ್ದೆನೋ. ಒಳಗೆ ಹೋದಾಗ ಅಕ್ಕನಿಗೆ ಎಚ್ಚರವಿತ್ತು.

"ಡಾಕ್ಟ್ರು ಏನಂದ್ರೋ?"

"ಹಾರ್ಟ್ ಗಟ್ಟಿ ಇದೆ ಅಂದ್ರಕ್ಕ."

ಅವಳ ಮುಖದಲ್ಲಿ ಸಮಾಧಾನ ಮೂಡಿತು. "ಕಲ್ಲು ಕಾಪಾಡ್ತು ಕಣೋ," ಅಂದಳು. "ಇಲ್ದಿದ್ರೆ ಇಷ್ಟು ವರ್ಷ ಎಲ್ಲಿ ಇರ್ತಿದ್ದೆ..."

"ಹೌದಕ್ಕ," ಅಂದೆ.

ಬೇರೆ ಏನು ಹೇಳಬೇಕಿತ್ತು? ಇವತ್ತಿಗೂ ಗೊತ್ತಿಲ್ಲ. ಮೂರನೇ ದಿನ ಹೋದಳು.

ಇಷ್ಟೆಲ್ಲ ಗೊತ್ತಿದ್ದೂ ಹೋದ ಭಾನುವಾರ ಕ್ಲಿಪ್ಪಿನ ಆ ಕೆಂಪು ಅಂಕಿ ನೋಡಿ ನನಗೆ ಮೊದಲು ತೋಚಿದ್ದು ಹಳೆಯ ಮಾತೇ. ಇರಲಿ, ಒಂದು ಸಲ ತೋರಿಸೋಣ, ಅಲ್ಲೀವರೆಗೂ ಓಡೋದು ಬೇಡ... ಮಾತು ನಾಲಿಗೆ ತುದಿಗೆ ಬಂದಿತ್ತು. ದೊಡ್ಡಮ್ಮನ ದನಿಯಲ್ಲೇ ಬಂದಿತ್ತು.

"ಎಷ್ಟಪ್ಪಾ? ಹೇಳು."

"ನಲವತ್ತಾರು. ಓಡೋರಿಗೆ ಹಂಗೇ ಇರುತ್ತೆ ಕಣಮ್ಮ. ನಿಮ್ಮತ್ತೇದೂ ಹಿಂಗೇ ಇತ್ತು."

"ಯಾವತ್ತೆ?"

"ಶಿಡ್ಲಘಟ್ಟದತ್ತೆ."

ಮಗಳು ಈಗ ಮೊಬೈಲು ಕೆಳಗಿಟ್ಟಳು. "ಮೆಟ್ಲು ಹತ್ತೋಕೇ ಹೆದರ್ತಿದ್ರಲ್ಲ, ಅವ್ರಾ? ಅವ್ರು ಓಡ್ತಿದ್ರಾ?"

"ಜಿಲ್ಲೆಗೇ ಮೊದಲು," ಅಂದೆ. ಅವಳು ಬೂಟಿನ ದಾರ ಬಿಗಿದುಕೊಂಡು ಹೊರಟಳು. ನಾನು ಗೇಟಿನ ಹತ್ತಿರ ನಿಂತು ನೋಡಿದೆ. ಕ್ಲಿಪ್ಪು ಕೈಯಲ್ಲೇ ಇತ್ತು, ಬೆರಳಿಗೆ ಹಾಕಿಕೊಳ್ಳಲಿಲ್ಲ. ರಸ್ತೆಯ ತಿರುವಿನಲ್ಲಿ ಅವಳು ಮರೆಯಾಗುವವರೆಗೂ ಆ ಹೆಜ್ಜೆ ಸದ್ದು ಕೇಳುತ್ತಿತ್ತು. ಅಕ್ಕ ಬರಿಗಾಲಲ್ಲಿ ಓಡುತ್ತಿದ್ದಳು. ಅವಳ ಓಟಕ್ಕೆ ಸದ್ದೇ ಇರುತ್ತಿರಲಿಲ್ಲ.