ಬಲ್ಬು ಕೆಟ್ಟಿದೆ ಎಂದ ಸ್ಟಾರ್ಟರ್

ನಮ್ಮ ಬೀದಿಯಲ್ಲಿ ಬಲ್ಬು ಎಂದರೆ ಒಬ್ಬ ಮನುಷ್ಯ. ಎರಡು ವೈರು ಕಟ್ಟಿದ ಪುಟ್ಟ ಬಲ್ಬೊಂದನ್ನು ಸದಾ ಜೇಬಿನಲ್ಲಿಟ್ಟುಕೊಂಡಿರುತ್ತಾನೆ. ಸ್ಟಾರ್ಟ್ ಆಗದೆ ಮುಷ್ಕರ ಹೂಡಿದ ಸಣ್ಣ ಲೋಡರು, ರೋಲರು, ಮಣ್ಣು ಅಗೆಯುವ ಮಿನಿ ಯಂತ್ರಗಳಲ್ಲಿ ಕರೆಂಟು ಎಲ್ಲಿ ತಪ್ಪಿಸಿಕೊಂಡಿದೆ ಎಂದು ಹುಡುಕುವುದು ಅವನ ಕಸುಬು. ವೈರಿನ ತುದಿ ಮುಟ್ಟಿಸಿದಾಗ ಬಲ್ಬು ಹೊತ್ತಿದರೆ ಅಲ್ಲಿವರೆಗೆ ಕರೆಂಟು ಬಂದಿದೆ ಎಂದರ್ಥ. ಹೆಂಡತಿಯೂ ಅವನನ್ನು ಬಲ್ಬು ಎಂದೇ ಕರೆಯುತ್ತಾಳೆ. ಮೊದಮೊದಲು ಮುನಿಸಿಕೊಳ್ಳುತ್ತಿದ್ದ, ಈಗ ಸ್ವಂತ ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವುದಿಲ್ಲ.

ನನ್ನದು ಅವನ ಷೆಡ್ಡಿನ ಪಕ್ಕದ ಬಿಡಿಭಾಗಗಳ ಅಂಗಡಿ. ಇಂಥ ನೆರೆಯವನು ಶತ್ರುವಿಗೂ ಬೇಡ. ಬ್ಯಾಟರಿ ಹೋಯಿತು ಎಂದು ಗಿರಾಕಿ ನನ್ನ ಮೆಟ್ಟಿಲು ಹತ್ತುವಷ್ಟರಲ್ಲಿ ಇವನು ಅಡ್ಡ ಬಂದು, "ಇರಿ ಸಾರ್, ಟರ್ಮಿನಲ್ ಉಜ್ಜಿ ನೋಡೋಣ" ಎನ್ನುತ್ತಾನೆ. ಉಜ್ಜುತ್ತಾನೆ, ಯಂತ್ರ ಗುರ್ರೆನ್ನುತ್ತದೆ, ಗಿರಾಕಿ ನನ್ನತ್ತ ಕೈ ಬೀಸಿ ಹೊರಟುಹೋಗುತ್ತಾನೆ. ಅರ್ತಿಂಗ್ ವೈರು ಸಡಿಲ, ಫ್ಯೂಸಿನ ಕಾಲಿಗೆ ತುಕ್ಕು ಎಂದು ಏನಾದರೊಂದು ಹೇಳುತ್ತಾನೆಯೇ ಹೊರತು ಕೆಟ್ಟಿದೆ ಎನ್ನುವ ಮಾತು ಅವನ ಬಾಯಲ್ಲಿ ಬಂದದ್ದನ್ನು ನಾನು ಕೇಳಿರಲಿಲ್ಲ.

ಅವನ ಅಕ್ಕನ ಗಂಡ ಒಬ್ಬ ಗುತ್ತಿಗೆದಾರನ ಬಳಿ ಪುಟ್ಟ ಲೋಡರು ಓಡಿಸುತ್ತಿದ್ದರು. ಇಕ್ಕಟ್ಟಾದ ಓಣಿಯಲ್ಲಿ ಮಣ್ಣು ತುಂಬಿಕೊಂಡು, ಯಾವ ಗೋಡೆಗೂ ತಾಗಿಸದೆ ಅವರು ಹಿಂದಕ್ಕೆ ಬರುವುದನ್ನು ನಿಂತು ನೋಡಬೇಕು. ಆ ಸೀಟು ಬಿಟ್ಟರೆ ಅವರಿಗೆ ಬೇರೆ ಲೋಕವಿರಲಿಲ್ಲ. ಭಾವ, ಭಾಮೈದ ಎಂದಮೇಲೆ ಕಾಲೆಳೆಯುವುದು ಇದ್ದದ್ದೇ. "ನಿಮ್ಮಿಬ್ಬರಲ್ಲಿ ಲೋಡರ್ ಯಾವ್ದು ಭಾವ?" ಎಂದು ಇವನು ಅವರ ಹೊಟ್ಟೆ ನೋಡಿ ಕೇಳುತ್ತಿದ್ದ. "ನಿಮ್ಮಕ್ಕನ ಕೈರುಚಿ ಕಣೋ, ನಿನಗೆ ಹೊಟ್ಟೆಕಿಚ್ಚು" ಎಂದು ಅವರು ನಗುತ್ತಿದ್ದರು.

ಈಚೆಗೆ ಆ ಲೋಡರಿಗೆ ಹೊಸ ರೋಗ ಅಂಟಿಕೊಂಡಿತು. ಭಾವ ಕೀಲಿ ತಿರುಗಿಸಿದರೆ ಕೆಲವು ದಿನ ಕಮಕ್ ಕಿಮಕ್ ಎನ್ನದು. ದೀಪಗಳೆಲ್ಲ ಉರಿಯುತ್ತವೆ, ಎಂಜಿನ್ನನ್ನು ಎಬ್ಬಿಸುವ ಸ್ಟಾರ್ಟರ್ ಮಾತ್ರ ತಿರುಗುವುದಿಲ್ಲ. ಬಲ್ಬು ಬಂದು ಸೀಟಿನಲ್ಲಿ ಕೂತು ಅದೇ ಕೀಲಿ ತಿರುಗಿಸಿದರೆ ತಕ್ಷಣ ಚಾಲೂ. ಹೀಗೇ ಎರಡು ಸಲ ಆದಮೇಲೆ ಗುತ್ತಿಗೆದಾರ ರೇಗಿದ.

"ಯಂತ್ರ ನೆಟ್ಟಗಿದೆ. ನಿಮಗೇ ಕೆಲಸ ಮಾಡೋ ಮನಸ್ಸಿಲ್ಲ. ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ಕೂರಿಸ್ತೀನಿ."

ಇನ್ನೊಂದು ಸಲವೂ ಆಯಿತು. ಭಾವ ಫೋನು ಮಾಡಿದರು. ಈ ಬಾರಿ ಸ್ಟಾರ್ಟರೇ ಕೈಕೊಟ್ಟಿರಬೇಕು ಎಂಬ ಆಸೆಯಿಂದ ನಾನೂ ಹೊಸದೊಂದನ್ನು ಚೀಲಕ್ಕೆ ತುರುಕಿಕೊಂಡು ಬಲ್ಬಿನ ಬೈಕು ಹತ್ತಿದೆ.

"ಭಾವ, ನೀವೇ ಕೂತು ತಿರುಗಿಸಿ. ನಾನು ಕೆಳಗೆ ನೋಡ್ತೀನಿ" ಎಂದ ಬಲ್ಬು.

ಆ ಯಂತ್ರದ ಸೀಟಿನ ಕೆಳಗೊಂದು ಸ್ವಿಚ್ಚಿದೆ. ಮನುಷ್ಯ ಕೂತ ಭಾರಕ್ಕೆ ಅದು ಒತ್ತಿಕೊಂಡರೆ ಮಾತ್ರ ಸ್ಟಾರ್ಟರಿಗೆ ಕರೆಂಟು ಹೋಗುತ್ತದೆ. ಖಾಲಿ ಸೀಟಿನಲ್ಲಿ ಯಾರೂ ಚಾಲೂ ಮಾಡಿ ಅನಾಹುತ ಮಾಡಿಕೊಳ್ಳದಿರಲಿ ಎಂದು ಈ ಏರ್ಪಾಡು. ಬಲ್ಬು ಅದರ ವೈರಿಗೆ ತನ್ನ ದೀಪ ಮುಟ್ಟಿಸಿದ. ಭಾವ ಕೂತಿದ್ದರು, ದೀಪ ಹೊತ್ತಲಿಲ್ಲ. ಅವರನ್ನು ಇಳಿಸಿ ಅಂಗೈಯಿಂದ ಸೀಟು ಅದುಮಿದ, ಹೊತ್ತಿತು.

"ನೀನು ಹತ್ತು" ಎಂದ ನನಗೆ. ಬೀದಿಯಲ್ಲಿ ನನಗಿರುವ ಬಿರುದು ಕಡ್ಡಿ ಪೈಲ್ವಾನ್. ಹತ್ತಿ ಕೂತು ಕೀಲಿ ತಿರುಗಿಸಿದೆ. ಯಂತ್ರ ಒಂದೇ ಏಟಿಗೆ ಶುರುವಾಯಿತು. ಆರಿಸಿ ಇಳಿದೆ.

"ಆ ಸ್ವಿಚ್ ಬಿಟ್ಟು ಎರಡು ವೈರ್ ನೇರ ಸೇರಿಸ್ಬಿಡು ಕಣೋ. ಎಲ್ರೂ ಹಾಗೇ ಮಾಡ್ಕೊಂಡಿದಾರೆ" ಎಂದರು ಭಾವ.

"ಸ್ವಿಚ್ ಸರಿ ಇದೆ ಭಾವ. ಎಷ್ಟು ಸಣ್ಣ ಆಗಿದೀರಿ ನೀವು?"

"ಎಲ್ಲಿ ಸಣ್ಣ? ಪ್ಯಾಂಟ್ ನೋಡು, ಹೊಲಿಸಿದಾಗ ಹೇಗಿತ್ತೋ ಹಾಗೇ ಕೂತಿದೆ. ಅನ್ನ ಗಂಟಲಲ್ಲಿ ಸರಿಯಾಗಿ ಇಳೀತಿಲ್ಲ, ಅಷ್ಟೇ."

ಪ್ಯಾಂಟು ನಿಜಕ್ಕೂ ಸರಿಯಾಗಿ ಕೂತಿತ್ತು. ದಿನವಿಡೀ ಧೂಳಿಗೆ ಮುಖಕ್ಕೆ ಬಟ್ಟೆ ಸುತ್ತಿ, ಮೇಲೆ ದೊಗಲೆ ಅಂಗಿ ತೊಟ್ಟಿರುವ ಮನುಷ್ಯ, ನಮಗೂ ಗೊತ್ತಾಗಿರಲಿಲ್ಲ. ಬಲ್ಬು ಅವರ ಕೈ ಹಿಡಿದೆತ್ತಿದ. ಕೈಗಡಿಯಾರ ಮೊಣಕೈಯವರೆಗೆ ಜಾರಿತು.

ಅಷ್ಟರಲ್ಲಿ ಗುತ್ತಿಗೆದಾರ ಬಂದ. "ಏನಂತೆ ಇವತ್ತು?"

"ಸ್ಟಾರ್ಟರ್ ಕೆಟ್ಟಿದೆ ಸಾರ್" ಎಂದ ಬಲ್ಬು, ಮುಖದ ಒಂದು ಗೆರೆಯೂ ಅಲುಗದಂತೆ. "ಬಿಚ್ಚಿ ತಗೊಂಡು ಹೋಗಿ ಸರಿಮಾಡಿ ಹಾಕ್ತೀನಿ. ವಾರ ಆಗುತ್ತೆ. ಇದ್ರಲ್ಲಿ ಭಾವಂದೇನೂ ತಪ್ಪಿಲ್ಲ."

ಗುತ್ತಿಗೆದಾರ ಗೊಣಗಿಕೊಂಡು, ಭಾವನ ಕಡೆ ತಿರುಗಿ, "ಸರಿ, ರಿಪೇರಿ ಆದ್ಮೇಲೆ ಬನ್ನಿ" ಎಂದು ಹೋದ. ನನ್ನ ಚೀಲದಲ್ಲಿದ್ದ ಹೊಸ ಸ್ಟಾರ್ಟರನ್ನು ಹೊರಗೆ ತೆಗೆಯಲು ನನಗೆ ಕೈ ಬರಲಿಲ್ಲ.

"ಆಸ್ಪತ್ರೆಗೆ ಹೋಗೋಣ ಭಾವ."

"ಬರ್ತೀನಿ. ಆದ್ರೆ ನಿಮ್ಮಕ್ಕಂಗೆ ಹೇಳ್ಬೇಡ. ಅವಳಿಗೇನೂ ಗೊತ್ತಿಲ್ಲ, ಗಾಬರಿ ಆಗ್ತಾಳೆ."

"ಆ ಮನುಷ್ಯನ ಹತ್ರ ಸುಳ್ಳು ಹೇಳಿದ್ದೇ ಸಾಕು" ಎಂದು ಬಲ್ಬು ಅಲ್ಲೇ ಫೋನು ತೆಗೆದ. ಕೆಲಸದ ಗದ್ದಲದಲ್ಲಿ ಕೇಳಿಸದೆಂದು ಸ್ಪೀಕರ್ ಹಾಕಿದ್ದ. "ಅಕ್ಕಾ, ಭಾವ ತುಂಬಾ ಇಳಿದುಹೋಗಿದಾರೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ."



"ಕರ್ಕೊಂಡು ಹೋಗಪ್ಪ" ಎಂದಳು ಅಕ್ಕ. "ನಾನು ಆಸ್ಪತ್ರೆ ಅಂದ್ರೆ ಊಟ ಬಿಟ್ಟು ಎದ್ದು ಹೋಗ್ತಾರೆ. ತಮ್ಮನ್ನ ತಾವೇ ನೋಡ್ಕೊಂಡು ಹೆದರದೇ ಇರ್ಲಿ ಅಂತ, ಅವರಿಗೆ ಗೊತ್ತಾಗದ ಹಾಗೆ ಪ್ಯಾಂಟಿನ ಸೊಂಟ ಹಿಡಿದು ಹಿಡಿದು ಹೊಲಿದೆ. ಈಗ ಹಿಂದಿನ ಎರಡು ಜೇಬೂ ಒಂದಕ್ಕೊಂದು ತಾಗ್ತಿವೆ ಕಣೋ. ಇನ್ನು ಹಿಡಿಯೋಕೆ ಬಟ್ಟೆ ಇಲ್ಲ."

ಭಾವ ಎರಡೂ ಕೈ ಹಿಂದಕ್ಕೆ ಒಯ್ದು ಆ ಜೇಬುಗಳನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಲೋಡರಿನ ಕೀಲಿಯನ್ನು ಬಲ್ಬಿನ ಕೈಗೆ ಕೊಟ್ಟು, "ನಡಿ" ಎಂದರು.