ಮೊನ್ನೆಯೋ ನಾಡಿದ್ದೋ

ಹರಿಹರದ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಎರಡು ಬೈಕುಗಳ ಟ್ಯಾಂಕು ಬರಿದು ಮಾಡಿ, ಗೋಣಿತಾಟು ಸುತ್ತಿ, ದೆಹಲಿಯ ಕಡೆ ಸಾಗಹಾಕುವುದರಲ್ಲೇ ಒಂದು ದಿನ ಕಳೆಯಿತು. ಅದು ಎಂಬತ್ತೆರಡರ ಬೇಸಿಗೆ ರಜೆ ಎಂದು ನನ್ನ ನೆನಪು. ಗೆಳೆಯರನ್ನು ಕೇಳಿದರೆ ಬೇರೆ ಬೇರೆ ವರ್ಷ ಹೇಳುತ್ತಾರೆ.

ಜಾವಾ ರುದ್ರೇಶನದು. ದಾವಣಗೆರೆಯಲ್ಲಿ ಅವನದು ಹತ್ತಿ ವ್ಯಾಪಾರ. ಬುಲೆಟ್ ಖಲೀಲನದು, ಪಿ.ಜೆ. ಬಡಾವಣೆಯ ಹತ್ತಿರ ಟೈರಿನ ಅಂಗಡಿ ಇಟ್ಟಿದ್ದ. ಗಾಡಿ ಓಡಿಸಲು ಬಾರದ ನನಗೆ ರುದ್ರೇಶನ ಹಿಂದಿನ ಸೀಟು. ನಾನು ಭೂಗೋಳದ ಮೇಷ್ಟರು. ವರ್ಷಗಟ್ಟಲೆ ಹಿಮನದಿಗಳ ಪಾಠ ಮಾಡಿದ್ದೆ, ಹಿಮವನ್ನು ಮಾತ್ರ ಕಂಡಿರಲಿಲ್ಲ. ಮನಾಲಿಯ ಮೇಲಿನ ರೋಹತಾಂಗ ಘಾಟಿಯ ನೆತ್ತಿಯಲ್ಲಿ ಒಮ್ಮೆ ಅದನ್ನು ಕೈಯಾರೆ ಮುಟ್ಟಬೇಕೆಂಬುದಷ್ಟೇ ನನ್ನ ಆಸೆ. ಅವರಿಬ್ಬರಿಗೆ ಗಾಡಿ ಓಡಿಸಿದರೆ ಸಾಕಿತ್ತು.

ಭಾಷೆಯ ಹೊಣೆ ಖಲೀಲ ಹೊತ್ತಿದ್ದ. "ಉರ್ದು ನಮ್ಮನಿ ಮಾತು, ನೀವ್ ಸುಮ್ನಿರ್ರಿ ಮೇಷ್ಟ್ರೆ," ಎಂದು ದೆಹಲಿಯಲ್ಲೇ ನನ್ನ ಬಾಯಿ ಮುಚ್ಚಿಸಿದ. ಅಂಬಾಲಾದ ಡಾಬಾದಲ್ಲಿ ಅವನ ಉರ್ದು ಕೇಳಿದ ಸರ್ದಾರ್ಜಿ, ಮದ್ರಾಸಿನವರೇ ಎಂದು ವಿಚಾರಿಸಿದ.

ಮೂರನೆಯ ಸಂಜೆ ಮನಾಲಿ ಸೇರಿದೆವು. ಕೋಣೆಗೆ ದಿನಕ್ಕೆ ಹದಿನೈದು ರೂಪಾಯಿ; ಊಟಕ್ಕೆ ಅನ್ನ, ರಾಜ್ಮಾ. ಖಲೀಲ ಹೋಟೆಲಿನವನನ್ನು ಕೇಳಿದ: "ಊಪರ್ ರಸ್ತಾ ಖುಲ್ಯಾ ಕ್ಯಾ?" ಅವನು ಪಾತ್ರೆಯಿಂದ ತಲೆ ಎತ್ತದೆ, "ಪರ್ಸೋಂ," ಎಂದ.

"ರಸ್ತೆ ಮೊನ್ನೆನೇ ತೆರದೈತಂತೆ," ಎಂದ ಖಲೀಲ.

ಬೆಳಿಗ್ಗೆ ಹತ್ತತೊಡಗಿದೆವು. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ರೇನ್‌ಕೋಟು ಇದ್ದದ್ದು ರುದ್ರೇಶನೊಬ್ಬನಿಗೆ. ಅವನ ಬೆನ್ನಿನ ಮರೆಯಲ್ಲಿ ನಾನು ಅಷ್ಟಿಷ್ಟು ಉಳಿದೆ, ಖಲೀಲ ಪೂರ್ತಿ ತೊಯ್ದ. ಮೇಲೆ ಗೇಟು ಹಾಕಿತ್ತು. ಹಿಮ ಕಡಿದು ಮುಗಿದಿಲ್ಲ, ರಸ್ತೆ ತೆರೆಯುವುದು ನಾಳೆ ಎಂದು ಕಾವಲಿನವನು ಬೆರಳು ಮಡಿಸಿ ತಿಳಿಸಿದ. ಹೋಟೆಲಿನವನು ಹೇಳಿದ್ದು ಮೊನ್ನೆಯಲ್ಲ, ನಾಡಿದ್ದು. ಅವರಿಗೆ ಎರಡಕ್ಕೂ ಒಂದೇ ಪದ.

"ನಮ್ಮಲ್ಲಿ ಪರ್ಸೋ ಅಂದ್ರ ಮೊನ್ನೆ. ಹೋದ ವರ್ಷದ್ದೂ ಪರ್ಸೋನೇ," ಎಂದು ಖಲೀಲ ವಾದಿಸಿದ.

"ಟೈರ್ ಯಾವಾಗ ಬರ್ತಾವೆ ಅಂದ್ರೂ ಪರ್ಸೋ ಅಂತೀಯಲ್ಲಲೇ, ಅದ್ಯಾವ ಪರ್ಸೋ?" ಎಂದ ರುದ್ರೇಶ.

ನನಗೆ ನಗು ಬರಲಿಲ್ಲ. ಪರೀಕ್ಷೆಗೆ ಓದಿದ್ದಾದರೂ ನನಗೂ ಹಿಂದಿ ಬರುತ್ತಿತ್ತು. ಹೋಟೆಲಿನವನು ಪರ್ಸೋಂ ಎಂದ ಸಂಜೆಯೇ ನನಗೆ ಅನುಮಾನ ಬಂದಿತ್ತೇ, ಅಥವಾ ಬಂದಿತ್ತೆಂದು ಈಗ ಅನಿಸುತ್ತಿದೆಯೇ, ಹೇಳಲಾರೆ.

ರಾತ್ರಿ ಖಲೀಲನಿಗೆ ಜ್ವರ ಏರಿತು. ಬೆಳಗಾದಾಗ ಬಿಸಿಲು ಬಿದ್ದಿತ್ತು, ರಸ್ತೆಯೂ ತೆರೆದಿತ್ತು, ನಮಗೆ ಉಳಿದದ್ದು ಅದೊಂದೇ ದಿನ. "ಇಬ್ರೂ ಹೋಗ್ರಿ, ನಾನೇನ್ ಸಾಯಂಗಿಲ್ಲ," ಎನ್ನುವಾಗ ಅವನ ಹಲ್ಲು ಕಟಕಟಿಸುತ್ತಿತ್ತು. ಒಬ್ಬರಾದರೂ ಹತ್ತಿರ ಇರಲೇಬೇಕಿತ್ತು. ಆ ಒಬ್ಬರು ಯಾರೆಂದು ಚರ್ಚೆಯೇ ಆಗಲಿಲ್ಲ. ರುದ್ರೇಶ ಆಗಲೇ ಬೂಟಿನ ಲೇಸು ಕಟ್ಟುತ್ತಿದ್ದ. ನಾನು ಗಂಜಿ ಕಾಯಿಸಲು ಸ್ಟವ್ ಕೇಳಿಕೊಂಡು ಬಂದೆ.

ರುದ್ರೇಶ ಮರಳಿದ್ದು ಮಧ್ಯಾಹ್ನ.

"ಹೆಂಗಿತ್ತು?" ಎಂದೆ.

"ಏನೈತೆ ಮೇಷ್ಟ್ರೆ, ಬರೀ ಬಿಳಿ. ನಮ್ಮ ಹತ್ತಿ ಗೋಡೌನ್ ಇದ್ದಂಗೈತೆ. ನೀವ್ ಬರ್ದಿದ್ದಿದ್ದೇ ಚಲೋ ಆತು."

ಮನೆಯಿಂದ ಚಟ್ನಿಪುಡಿ ತಂದಿದ್ದ ಡಬ್ಬಿಯಲ್ಲಿ ನನಗಾಗಿ ಹಿಮ ತುಂಬಿಕೊಂಡು ಬಂದಿದ್ದ. ಮುಚ್ಚಳ ತೆಗೆದರೆ ನೀರು. ಮೇಲೆ ಎಣ್ಣೆಯ ಜಿಡ್ಡು, ಬೆಳ್ಳುಳ್ಳಿ ವಾಸನೆ. ಬೆರಳು ಅದ್ದಿದೆ. ನಲ್ಲಿಯ ನೀರೇ ಇದಕ್ಕಿಂತ ತಣ್ಣಗಿತ್ತು.

"ಹಿಮಾನಾ? ನನ್ನ ಹಣೀಗೆ ಹಚ್ರಿ," ಎಂದ ಖಲೀಲ ಕಂಬಳಿಯೊಳಗಿಂದ. ಹಚ್ಚಿದೆ. ಕಣ್ಣುರಿ ಎಂದು ಸಂಜೆಯವರೆಗೂ ಬೈದ.

ಮರುದಿನ ಜ್ವರ ಇಳಿಯಿತು. ಖಲೀಲ ನಿಧಾನವಾಗಿ ಮುಂದೆ, ನಾವು ಹಿಂದೆ ಕಣಿವೆ ಇಳಿದೆವು. ಒಂದು ತಿರುವಿನಲ್ಲಿ ಕತ್ತು ಹೊರಳಿಸಿದೆ. ಬೆಟ್ಟದ ನೆತ್ತಿಯ ಮೇಲೆ ಬೆಳ್ಳಗೆ ಏನೋ ಹರಡಿತ್ತು. ಮೋಡವೋ ಹಿಮವೋ, ಖಾತ್ರಿಯಾಗಿ ಹೇಳಬಲ್ಲವನು ರುದ್ರೇಶ ಒಬ್ಬನೇ. ಅವನನ್ನು ಮಾತ್ರ ಕೇಳಬಾರದೆಂದು ಕೂತೆ.