ಮಾಳಿಗೆಯಿಲ್ಲದ ಮನೆ

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮ ಮನೆಗೆ ಬಂದ ಮೊದಲ ದೊಡ್ಡ ಸುದ್ದಿ ವರ್ಗಾವಣೆಯದು. ಹೈದರಾಬಾದ್ ಸರ್ಕಾರದ ಕಾಲದಲ್ಲಿ ನನ್ನ ಗಂಡ ಔರಾದ ಕಡೆ ಅರಣ್ಯ ಇಲಾಖೆಯಲ್ಲಿದ್ದರು. ಅಲ್ಲಿ ಅರಣ್ಯವೆಂದರೆ ಕುರುಚಲು ಗಿಡ, ಕಾಯುವುದೆಂದರೆ ಆಡುಗಳನ್ನು ಅಟ್ಟುವುದು. ಹೊಸ ಸರ್ಕಾರ ಅವರನ್ನು ರಾಜ್ಯದ ಆ ತುದಿಗೆ, ದೊಡ್ಡ ಬೆಟ್ಟಗಳ ಕಾಡಿಗೆ ಹಾಕಿತು. ಈಗ ಅಲ್ಲಿ ರಾಷ್ಟ್ರೀಯ ಉದ್ಯಾನ ಎಂಬ ಫಲಕವಿದೆಯಂತೆ. ಆಗ ಇದ್ದದ್ದು ಕಾಲುದಾರಿಗಳು, ಅಲ್ಲಲ್ಲಿ ಇಲಾಖೆ ಕಟ್ಟಿಸಿದ್ದ ಹಲಗೆಯ ಕ್ಯಾಬಿನ್‌ಗಳು, ಅಷ್ಟೇ.

ಮೆಹಕರದ ನಮ್ಮ ಮನೆಯಲ್ಲಿ ಅತ್ತೆಯ ಮಾತೇ ಕೊನೆಯ ಮಾತು. "ನಾನೂ ಬಂದು ನೋಡ್ತೇನಿ. ನನ್ನ ಮನಸಿಗಿ ಬಂದ್ರ ಗಂಡ ಹೆಂಡ್ತಿ ಅಲ್ಲೇ ಇರ್ರಿ. ಇಲ್ಲಂದ್ರ ನೌಕರಿ ಬಿಟ್ಟು ಬಂದು ಹೊಲ ನೋಡ್ರಿ," ಎಂದರು. ನನ್ನ ಗಂಡ ಹೂಂ ಅಂದರು. ನನ್ನನ್ನು ಯಾರೂ ಕೇಳಲಿಲ್ಲ. ನನಗೋ ಅಲ್ಲಿ ಇರಬೇಕೆಂಬ ಆಸೆ ಹೋಗುವ ಮೊದಲೇ ಹುಟ್ಟಿಬಿಟ್ಟಿತ್ತು. ಬೀದರ ಕೋಟೆಯ ಬುರುಜಿಗಿಂತ ಎತ್ತರದ ಜಾಗವನ್ನು ನಾನು ಹತ್ತಿದವಳಲ್ಲ. ಸೊಸೆ ಬಾಯಿ ಬಿಟ್ಟರೆ ಕೆಲಸ ಕೆಡುತ್ತದೆಂದು ತೆಪ್ಪಗೆ ಜೋಳದ ಹಿಟ್ಟು, ರೊಟ್ಟಿಗೆ ನಂಚಿಕೊಳ್ಳಲು ಶೇಂಗಾ ಹಿಂಡಿ, ಒಂದು ಗಂಟು ಕೆಂಪು ಮೆಣಸಿನಕಾಯಿ ಕಟ್ಟಿಕೊಂಡೆ.

ಮೊದಲ ಕ್ಯಾಬಿನ್ ಮುಟ್ಟಿದಾಗ ಮಂಜಿಗೆ ಮೆಣಸಿನಕಾಯಿಯೆಲ್ಲ ಮೆತ್ತಗಾಗಿತ್ತು. ಅತ್ತೆ ಕೂರಲೂ ಇಲ್ಲ, ಗಂಟು ಹಿಡಿದು ಮನೆಯ ಸುತ್ತ ತಿರುಗಿ ಬಂದರು.

"ಮಾಳಿಗಿಗಿ ಏರೋದು ಎಲ್ಲಿಂದ?"

"ಮಾಳಿಗಿ ಇಲ್ಲವ್ವಾ. ಇಲ್ಲಿ ಮಳಿ ಭಾಳ. ಅದಕ್ಕ ಛತ್ತು ಇಳಿಜಾರ ಅದ," ಎಂದರು ನನ್ನ ಗಂಡ.

ನಮ್ಮ ಕಡೆ ಮನೆಯ ಮೇಲಿನ ಸಮತಟ್ಟು ಮಣ್ಣಿನ ಮಾಳಿಗೆಯೆಂದರೆ ಅರ್ಧ ಮನೆ. ಬೇಸಿಗೆಯಲ್ಲಿ ಮಲಗುವುದು ಅಲ್ಲಿ, ಶಾವಿಗೆ ಒಣಗಿಸುವುದು ಅಲ್ಲಿ, ಪಕ್ಕದ ಮನೆಯ ಜಗಳ ಕೇಳುವುದೂ ಅಲ್ಲಿಂದಲೇ. "ಹಂಗಾದ್ರ ಈ ಮಂದಿ ಹಪ್ಪಳ ಎಲ್ಲಿ ಒಣಗಸ್ತಾರ?" ಎಂದು ಮಗನನ್ನು ಕೇಳಿದರು. ಅತ್ತೆ ಕುರ್ಚಿ ತಂದು ಹತ್ತಿ, ಮೆಣಸಿನಕಾಯಿಯನ್ನು ಬೊಗಸೆ ಬೊಗಸೆಯಾಗಿ ಛಾವಣಿಯ ಮೇಲೆ ಎರಚಿದರು. ಅಷ್ಟೂ ಜಾರಿ ಅವರ ತಲೆಯ ಮೇಲೆಯೇ ಸುರಿಯಿತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಮರುಕ್ಷಣವೇ ಹೆದರಿಕೆಯಾಯಿತು, ಯಾಕೆಂದರೆ ಅತ್ತೆ ನಗಲಿಲ್ಲ.

ಅದಾದರೂ ಅತ್ತೆಗೆ ಹಿಡಿಸೀತೆಂದು ಮರುದಿನ ಬೆಳಿಗ್ಗೆ ಎರಡನೆಯ ಕ್ಯಾಬಿನ್ನಿಗೆ ಹೊರಟೆವು. ನನ್ನ ಗಂಡ ಕ್ಯಾಬಿನ್ನಿನ ಕಾವಲುಗಾರನ ಜೊತೆ ಮಾತಿಗೆ ನಿಂತು, ದಾರಿ ಹಿಡಿದು ನಡೆಯುತ್ತಿರಿ ಎಂದು ನಮ್ಮನ್ನು ಮುಂದೆ ಕಳಿಸಿದರು. ಒಂದು ತಿರುವಿನಲ್ಲಿ ಎದುರು ಬೆಟ್ಟದ ಮೇಲೆ ಆ ಕ್ಯಾಬಿನ್ನಿನ ಛಾವಣಿ ಕಂಡಿತು. ದಾರಿ ಮಾತ್ರ ಬೇರೆಯೇ ಕಡೆಗೆ ಹೊರಳಿತ್ತು.

"ಮನಿ ಇಲ್ಲೇ ಕಾಣಸ್ತದ, ಇವ್ರು ಊರೆಲ್ಲಾ ಸುತ್ತಿಸ್ಯಾರ. ದಾರಿ ಮಾಡಿದವ್ರಿಗಿ ತಲಿ ಇಲ್ಲ," ಎಂದರು ಅತ್ತೆ.

ನನಗೂ ಸರಿಯೆನಿಸಿತು. ನಮ್ಮ ಊರಿನ ಆಚೀಚೆ, ಕಮಲನಗರದ ಕಡೆಯ ಬಯಲಿನಲ್ಲಿ ನಾವು ನಡೆಯುವುದೇ ಹಾಗೆ. ಮುಂದಿನ ಊರಿನ ಬೇವಿನ ಮರ ಕಂಡರೆ ಸಾಕು, ರಸ್ತೆ ಬಿಟ್ಟು ಹೊಲದ ಬದು ಹಿಡಿದು ನೇರ ಹೋಗುವುದು. ಕಣ್ಣಿಗೆ ಕಂಡದ್ದಕ್ಕೂ ನಮಗೂ ನಡುವೆ ಒಂದು ಕಣಿವೆಯೇ ಅಡಗಿರುತ್ತದೆಂದು ಬಯಲಿನವರಿಗೆ ಹೇಗೆ ತಿಳಿಯಬೇಕು? ಇಬ್ಬರೂ ದಾರಿ ಬಿಟ್ಟು ಇಳಿದೆವು.

ನಾಲ್ಕು ಹೆಜ್ಜೆ ಇಳಿಯುವುದರಲ್ಲಿ ಛಾವಣಿ ಮಾಯವಾಯಿತು. ಮರಗಳ ಮಧ್ಯೆ ಮುಳ್ಳಿಗೆ ಮೈ ತರಚಿಕೊಂಡು ತಳ ಮುಟ್ಟಿದರೆ ಅಲ್ಲೊಂದು ಹಳ್ಳ. ಬಂದ ದಾರಿ ಯಾವುದೆಂದೂ ಗುರುತು ಸಿಗಲಿಲ್ಲ. ನನಗೆ ಅಳು ಬಂತು. ದಾರಿ ತಪ್ಪಿದ್ದಕ್ಕಲ್ಲ, ಇನ್ನು ಅತ್ತೆ ನಮ್ಮನ್ನು ಇಲ್ಲಿ ಇರಗೊಡುವುದಿಲ್ಲವೆಂದು.

ಅತ್ತೆ ಬಗ್ಗಿ ಬೊಗಸೆಯಲ್ಲಿ ನೀರು ಕುಡಿದರು. ಇನ್ನೊಂದು ಬೊಗಸೆ ಕುಡಿದರು.

"ಇದರ ಬಾವಿ ಎಲ್ಲಿ ಅದ?"

"ಬಾವಿ ಇಲ್ರಿ ಅತ್ತಿ. ಹಂಗೇ ಬರ್ತದ."

"ಹಂಗೇ ಅಂದ್ರ ಹ್ಯಾಂಗ?"

ಹುಟ್ಟಿದಾಗಿನಿಂದ ಹಗ್ಗ ಹಾಕಿ ನೀರು ಸೇದಿದ ಕೈ ಅದು, ಸುಮ್ಮನೆ ಒಪ್ಪುತ್ತದೆಯೇ? ಸೀರೆ ಕಚ್ಚೆ ಬಿಗಿದು ಹಳ್ಳದ ಗುಂಟ ಮೇಲೆ ಹತ್ತತೊಡಗಿದರು. ನಾನು ಹಿಂದೆ. ನೀರು ತೆಳ್ಳಗಾಗುತ್ತ ಹೋಗಿ, ಕೊನೆಗೆ ಒಂದು ಬಂಡೆಯ ಬಿರುಕಿನಿಂದ ಬೆರಳಷ್ಟು ದಪ್ಪ ಜಿನುಗುವುದು ಕಂಡಿತು. ಅತ್ತೆ ಆ ಬಿರುಕಿನೊಳಗೆ ಕೈ ಹಾಕಿ ತಡಕಿದರು. ತೆಗೆದರು, ಮತ್ತೆ ಹಾಕಿದರು.

"ಯಾರೂ ತೋಡಿಲ್ಲ ನೋಡು," ಎಂದು ನಕ್ಕರು.

ಅಷ್ಟರಲ್ಲಿ ಮೇಲಿನಿಂದ ಕೂಗು ಕೇಳಿಸಿತು. ನಾವೂ ಕೂಗಿದೆವು. ನನ್ನ ಗಂಡ ಬೆವರು ಸುರಿಸುತ್ತ ಇಳಿದು ಬಂದರು.

"ನಂದೇ ತಪ್ಪಾಯ್ತವ್ವಾ. ನಾಳಿಗೇ ರಾಜೀನಾಮಾ ಕೊಡ್ತೇನಿ. ಊರಿಗಿ ಹೋಗಮಿ ನಡಿ."

ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೇಲೆ ನೋಡಿದರು.

"ಆ ಗುಡ್ಡದ ಹಿಂದ ಏನದ?"

"ಇನ್ನೊಂದು ಗುಡ್ಡ."

"ಅದರ ಹಿಂದ?"

"ಅದು ನನಗೂ ಗೊತ್ತಿಲ್ಲ. ನಾ ಇನ್ನಾ ನೋಡಿಲ್ಲ."

"ನೋಡಲಾರದೇ ರಾಜೀನಾಮಾ ಕೊಡ್ತಿ ಏನು?"

ಅತ್ತೆ ನನ್ನ ಕಡೆ ತಿರುಗಿದರು.

"ಏ ಪೋರಿ, ನಿನಗ ಹ್ಯಾಂಗ? ಇರ್ತಿ ಏನು ಇಲ್ಲಿ?"

ಮದುವೆಯಾಗಿ ಬಂದ ಮೇಲೆ ಆ ಮನೆಯವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.

"ಇರ್ತೇನ್ರಿ ಅತ್ತಿ," ಎಂದೆ. ಎಷ್ಟು ಜೋರಾಗಿ ಎಂದರೆ ಎದುರಿನ ಬೆಟ್ಟವೂ ಒಮ್ಮೆ ಅದನ್ನೇ ಹೇಳಿತು.